ಗಡಿಯ ಊರು, ದವಾಖಾನೆಯ ದಾರಿ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ಕಡೆಗೆ ಶಿರವಾಳ ಎಂಬ ಊರಿದೆ. ಇತಿಹಾಸದ ಅಧ್ಯಾಪಕರಿಗೆ ಈ ಹೆಸರು ಹೊಸದೇನಲ್ಲ. ರಾಷ್ಟ್ರಕೂಟರ, ಕಲ್ಯಾಣ ಚಾಲುಕ್ಯರ ಕಾಲದ ಕಲ್ಲಿನ ಗುಡಿಗಳು ಅಲ್ಲಿ ಮನೆಗಳ ನಡುವೆಯೇ ನಿಂತಿವೆ. ನದಿಯ ಆಚೆ ದಡದಲ್ಲಿ ಸನ್ನತಿ. ಅಲ್ಲಿನ ಚಂದ್ರಲಾ ಪರಮೇಶ್ವರಿ ದೇವಾಲಯದ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲುಚಪ್ಪಡಿ ಅಶೋಕನ ಶಾಸನವೆಂದು 1980ರ ದಶಕದಲ್ಲಿ ಬೆಳಕಿಗೆ ಬಂದದ್ದನ್ನು ನೀವು ಕೇಳಿರಬಹುದು.

ಆ ಚಪ್ಪಡಿಯಲ್ಲಿ ಉಳಿದಿರುವ ಪಾಠಗಳಲ್ಲಿ ಒಂದು, ‘ಪ್ರತ್ಯೇಕ ಶಾಸನ’ಗಳೆಂದು ವಿದ್ವಾಂಸರು ಕರೆಯುವವುಗಳಲ್ಲಿ ಎರಡನೆಯದು. ಅದು ಅಧಿಕಾರಿಗಳಿಗೆ ಬರೆದ ಸುತ್ತೋಲೆ. ವಿಷಯ: ಗಡಿಯ ಜನ. ಪ್ರಾಕೃತದಲ್ಲಿ ಅವರನ್ನು ‘ಅಂತ’ ಎಂದಿದೆ, ಅಂದರೆ ಅಂಚಿನವರು. ರಾಜ ನಮ್ಮ ಬಗ್ಗೆ ಏನೆಂದುಕೊಂಡಿದ್ದಾನೋ ಎಂದು ಅಂಚಿನವರು ಹೆದರಬಾರದು, ಅವರಲ್ಲಿ ನಂಬಿಕೆ ಹುಟ್ಟಿಸಿ ಎಂಬುದು ಅದರ ತಾತ್ಪರ್ಯ. ಗಿರ್ನಾರ್ ಮೊದಲಾದ ಕಡೆ ಇರುವ ಎರಡನೆಯ ಬಂಡೆಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮನುಷ್ಯರಿಗೆ, ಪ್ರಾಣಿಗಳಿಗೆ ಚಿಕಿತ್ಸೆಯ ಏರ್ಪಾಡು ತನ್ನ ರಾಜ್ಯದಲ್ಲಷ್ಟೇ ಅಲ್ಲ, ಗಡಿಯಾಚೆಯ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲೂ ಆಗಿದೆ ಎಂದು ಅದು ಹೇಳುತ್ತದೆ. ಸನ್ನತಿಯ ಚಪ್ಪಡಿಯಲ್ಲಿ ಈ ಭಾಗ ಇಲ್ಲ. ಶಾಸನ ಹೇಳಿದಂತೆಯೇ ಎಲ್ಲವೂ ನಡೆದಿತ್ತೆಂದು ನಾನೂ ನಂಬಿಲ್ಲ. ಆದರೂ ‘ಗಡಿಯವನು ರೋಗಿಯಾದರೆ ಅವನು ಯಾರ ರೋಗಿ?’ ಎಂಬ ಪ್ರಶ್ನೆ ಈ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು ಎಂಬುದು ಗಮನಿಸತಕ್ಕದ್ದು.

ನಾನು ವೈದ್ಯನಲ್ಲ, ಭೌತವಿಜ್ಞಾನದ ಮೇಷ್ಟ್ರು. ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ನಮ್ಮ ಚಿಕ್ಕಮ್ಮನಿಂದ. ಬಹಳ ವರ್ಷಗಳ ಹಿಂದೆ ಚಳಿಜ್ವರದಲ್ಲಿ ನಡುಗುತ್ತಿದ್ದ ಆಕೆಯನ್ನು ಎತ್ತಿನ ಬಂಡಿಯಲ್ಲಿ ಹತ್ತಿರದ ದವಾಖಾನೆಗೆ ಒಯ್ದಾಗ ಬಂದ ಮೊದಲ ಪ್ರಶ್ನೆ, “ನಿಮ್ದು ಯಾವ ತಾಲೂಕ್ರೀ?” ಎಂದು. ಔಷಧ ಕೊಟ್ಟರು, ಇಲ್ಲವೆನ್ನುವುದಿಲ್ಲ. ಆದರೆ ಮುಂದಿನ ಸಲ ನಿಮ್ಮ ಕಡೆಯ ದವಾಖಾನೆಗೇ ಹೋಗಿ ಎಂದರು. ‘ನಮ್ಮ ಕಡೆಯದು’ ಮೂರು ಪಟ್ಟು ದೂರವಿತ್ತು.

ಗೆರೆಗಳು ಸರಿದಾಡಿದ ಕಥೆ

ಶಹಾಪುರ, ಸುರಪುರ, ಯಾದಗಿರಿ ಈ ಮೂರು ತಾಲ್ಲೂಕುಗಳ ಸುತ್ತ ಎಷ್ಟು ಸಲ ಗೆರೆ ಎಳೆದು ಅಳಿಸಲಾಗಿದೆ ನೋಡಿ. ಸುರಪುರ ಬೇಡ ನಾಯಕರ ಸಂಸ್ಥಾನವಾಗಿತ್ತು. 1853ರಲ್ಲಿ ಕೃಷ್ಣೆಯ ದಕ್ಷಿಣಕ್ಕಿರುವ ರಾಯಚೂರು ದೋಆಬ್ ಬ್ರಿಟಿಷರ ಕೈಗೆ ಹೋಯಿತು. ಸುರಪುರದಿಂದ ಹೊಳೆ ದಾಟಿದರೆ ಬೇರೆ ಸರ್ಕಾರ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ದಂಗೆ ಅಡಗಿದ ಮೇಲೆ ಸಂಸ್ಥಾನವೇ ಹೋಯಿತು. 1860ರ ಒಪ್ಪಂದದಲ್ಲಿ ಸುರಪುರ ನಿಜಾಮರಿಗೆ ಬಂತು, ದೋಆಬ್ ಕೂಡ ಅವರಿಗೆ ಮರಳಿತು. ಏಳೇ ವರ್ಷದಲ್ಲಿ ಕೃಷ್ಣೆ ಗಡಿಯಾಗಿ, ಮತ್ತೆ ಬರಿಯ ನದಿಯಾಯಿತು! 1865ರಲ್ಲಿ ಸಾಲಾರ್ ಜಂಗ್ ಜಿಲ್ಲಾಬಂದಿ ವ್ಯವಸ್ಥೆ ತಂದರು. ಜಿಲ್ಲೆ, ತಾಲ್ಲೂಕುಗಳ ಗೆರೆಗಳು ಬಿದ್ದದ್ದು ಭೂಕಂದಾಯ ಸರಿಯಾಗಿ ವಸೂಲಾಗಲಿ ಎಂದು. ಆ ಗೆರೆ ಎಳೆದವರ ಮುಂದೆ ರೋಗಿ ಇರಲಿಲ್ಲ, ಇರಬೇಕಾದ ಕಾರಣವೂ ಆಗ ಯಾರಿಗೂ ಕಾಣಲಿಲ್ಲ.

ಪಶ್ಚಿಮದಲ್ಲಿ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆ. ಹುಣಸಗಿ ಕಡೆಯ ರೈತನಿಗೆ ತಾಳಿಕೋಟೆಯ ಸಂತೆ ಹತ್ತಿರ, ಆದರೆ ಅದು ಇಂಗ್ಲಿಷರ ಸೀಮೆ. ಇದರ ನಡುವೆ 1871ರಲ್ಲಿ ಮುಂಬಯಿಯಿಂದ ಬಂದ ರೈಲು ಯಾದಗಿರಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿತ್ತು. ಯಾದಗಿರಿ ಪೇಟೆಯವನಿಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆ ರೈಲಿನ ಲೆಕ್ಕದಲ್ಲಿ ಹತ್ತಿರವಾಯಿತು. ಅದೇ ಹೊತ್ತಿಗೆ ಹಳಿಯಿಂದ ದೂರ ಉಳಿದ ಶಿರವಾಳದವನು ಭೀಮೆ ದಾಟಿದರೆ ಮಾತ್ರ ಸ್ಟೇಷನ್ ಕಂಡಾನು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿಯಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಬಿಜಾಪುರವೂ ಸೇರಿದ್ದರಿಂದ ಪಶ್ಚಿಮದ ಗೆರೆ ಹಗುರಾಯಿತು, ಎರಡು ಸರ್ಕಾರಗಳ ನಡುವಿನ ಗಡಿ ಎರಡು ಜಿಲ್ಲೆಗಳ ನಡುವಿನದಾಯಿತು. ಪೂರ್ವದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಗುಲಬರ್ಗಾ ಜಿಲ್ಲೆಯದೇ ಆಗಿದ್ದ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ನಿನ್ನೆಯ ನೆರೆ ತಾಲ್ಲೂಕು ಇಂದು ಬೇರೆ ರಾಜ್ಯ. 2014ರಲ್ಲಿ ಅದು ತೆಲಂಗಾಣವಾಯಿತು. ಕೊನೆಗೆ 2009ರ ಡಿಸೆಂಬರ್ 30ರಂದು ಯಾದಗಿರಿಯೇ ಪ್ರತ್ಯೇಕ ಜಿಲ್ಲೆಯಾಯಿತು. ಸನ್ನತಿ ಇರುವ ಚಿತ್ತಾಪುರ ತಾಲ್ಲೂಕು ಗುಲಬರ್ಗಾದಲ್ಲೇ (ಈಗ ಕಲಬುರಗಿ) ಉಳಿಯಿತು. ಶಿರವಾಳ ಮತ್ತು ಸನ್ನತಿಗಳ ನಡುವೆ ಅಲ್ಲಿಯವರೆಗೆ ನದಿ ಮಾತ್ರ ಇತ್ತು, ಅಂದಿನಿಂದ ಜಿಲ್ಲೆಯ ಗಡಿಯೂ ಬಂತು.

ಲಂಡನ್ನಿನ ಒಂದು ಗೆರೆ

ಈಗ ಸ್ವಲ್ಪ ದೂರ ಹೋಗೋಣ. ಗಡಿಗೆರೆಯನ್ನು ರೋಗಿಯ ಕಡೆಯಿಂದಲೂ ಎಳೆಯಬಹುದೆಂದು ತೋರಿಸಿದ ಒಬ್ಬ ವೈದ್ಯ ಲಂಡನ್ನಿನಲ್ಲಿದ್ದರು. ಹೆಸರು ಜಾನ್ ಸ್ನೋ. 1854ರ ಆಗಸ್ಟ್ ಕೊನೆಯಲ್ಲಿ ಸೋಹೋ ಭಾಗದಲ್ಲಿ ಕಾಲರಾ ಹಬ್ಬಿತು. ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರೇ ಕಾರಣವೆಂದು ಅವರು ವಾದಿಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಪಂಪಿನ ಹಿಡಿ ತೆಗೆದದ್ದು ಸೆಪ್ಟೆಂಬರ್ 8ರಂದು.

ಅಷ್ಟಾಗಿ ಗೊತ್ತಿಲ್ಲದ ಸಂಗತಿ ಬೇರೆ ಇದೆ. 1855ರಲ್ಲಿ ಆ ಪ್ಯಾರಿಷ್‌ನ ವಿಚಾರಣಾ ಸಮಿತಿಗಾಗಿ ತಯಾರಿಸಿದ ನಕ್ಷೆಯಲ್ಲಿ ಸ್ನೋ ಒಂದು ವಿಚಿತ್ರ ಗೆರೆ ಎಳೆದರು. ಆ ಗೆರೆಯ ಮೇಲೆ ನಿಂತವನಿಗೆ ಬ್ರಾಡ್ ಸ್ಟ್ರೀಟಿನ ಪಂಪೂ ಇನ್ನೊಂದು ಪಂಪೂ ಸಮದೂರ. ಗೆರೆಯ ಒಳಗಿನವರಿಗೆ ಬ್ರಾಡ್ ಸ್ಟ್ರೀಟಿನ ಪಂಪು ಹತ್ತಿರ. ದೂರವನ್ನು ಅವರು ಹಕ್ಕಿ ಹಾರುವ ನೇರದಲ್ಲಿ ಅಳೆಯಲಿಲ್ಲ, ಬೀದಿಯಲ್ಲಿ ನಡೆದುಹೋಗುವ ದಾರಿಯಲ್ಲಿ ಅಳೆದರು. ಸಾವುಗಳು ಆ ಗೆರೆಯ ಒಳಗೆ ದಟ್ಟವಾಗಿದ್ದು ಅಂಚಿಗೆ ಬಂದಂತೆ ವಿರಳವಾಗಿದ್ದವು. ಪ್ಯಾರಿಷ್‌ನ ಆಡಳಿತ ಗಡಿಗೂ ಈ ಗೆರೆಗೂ ಯಾವ ಸಂಬಂಧವೂ ಇರಲಿಲ್ಲ.

ಗಣಿತದಲ್ಲಿ ಇಂಥ ವಿಭಜನೆಗೆ ಡಿರಿಶ್ಲೆ (1850), ವೊರೊನಾಯ್ (1908) ಇವರ ಹೆಸರುಗಳಿವೆ. ನೀರಾವರಿ ಇಲಾಖೆಯ ಎಂಜಿನಿಯರನ್ನು ಕೇಳಿ, ಥೀಸನ್ ಬಹುಭುಜ ಎನ್ನುತ್ತಾರೆ. ಮಳೆಮಾಪಕಗಳ ನಡುವಿನ ಪ್ರದೇಶವನ್ನು ಹಂಚುವ ಈ ವಿಧಾನವನ್ನು ಥೀಸನ್ ಕೊಟ್ಟದ್ದು 1911ರಲ್ಲಿ. ಯಾವ ಹೊಲದ ಮಳೆಯನ್ನು ಯಾವ ಮಾಪಕದ ಲೆಕ್ಕಕ್ಕೆ ಸೇರಿಸಬೇಕೆಂದು ಅವರು ಕೇಳುವುದು ಹೊಲ ಯಾವ ತಾಲ್ಲೂಕಿನದೆಂದು ನೋಡಿಯಲ್ಲ, ಯಾವ ಮಾಪಕ ಹತ್ತಿರವೆಂದು ನೋಡಿ. ಮಳೆಗೆ ತೋರಿಸಿದ ಈ ವಿವೇಕವನ್ನು ನಾವು ಮನುಷ್ಯರಿಗೆ ತೋರಿಸಿದ್ದೇವೆಯೆ?

ತಲೆ ಎಣಿಸಿದರು, ದಾರಿ ಎಣಿಸಲಿಲ್ಲ

1943ರಲ್ಲಿ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆರೋಗ್ಯ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಸೇವೆ ಜನರಿಗೆ ಆದಷ್ಟು ಹತ್ತಿರ ಇರಬೇಕು, ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ತಿರುಳು. ಇಂದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಬೀಜ ಅಲ್ಲಿದೆ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದಾಗ ಈ ಬೀಜವನ್ನು ಬ್ಲಾಕುಗಳಲ್ಲಿ ಬಿತ್ತಿದರು. ಬ್ಲಾಕು ಎಂದರೆ ನಮ್ಮಲ್ಲಿ ಹೆಚ್ಚುಕಡಿಮೆ ತಾಲ್ಲೂಕು. ಹೀಗೆ ಕಂದಾಯಕ್ಕೆಂದು ಎಳೆದ ಹಳೆಯ ಗೆರೆ ಸದ್ದಿಲ್ಲದೆ ಆರೋಗ್ಯದ ಗೆರೆಯಾಯಿತು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಸಿಬ್ಬಂದಿಯ ಸಂಬಳ, ಔಷಧದ ದಾಸ್ತಾನು, ಲಸಿಕೆಯ ಲೆಕ್ಕ ಎಲ್ಲಕ್ಕೂ ಒಂದು ವ್ಯಾಪ್ತಿ ಬೇಕಲ್ಲ!

ಮುಂದೆ ಮಾನದಂಡಗಳು ಬಂದವು. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡಿನಲ್ಲಿ ಇದು 3,000, 20,000 ಮತ್ತು 80,000. ಈ ಸಂಖ್ಯೆಗಳಲ್ಲಿ ತಲೆ ಇದೆ, ದಾರಿ ಇಲ್ಲ. ಶಹಾಪುರ ತಾಲ್ಲೂಕು ಬಯಲು ಸೀಮೆ, ಸರಿ. ಆದರೆ ಅದರ ಒಂದು ಮಗ್ಗುಲಲ್ಲಿ ಭೀಮೆ, ಇನ್ನೊಂದರಲ್ಲಿ ಕೃಷ್ಣೆ ಹರಿಯುತ್ತವೆ ಎಂಬುದು 30,000 ಎಂಬ ಸಂಖ್ಯೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನು ಈ ಎಣಿಕೆ ಮರೆಯಿತು: ತವರು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಮ್ಮ ಪದ್ಧತಿ. ಕೊಡುಕೊಳ್ಳುವ ಸಂಬಂಧಗಳು ಭೀಮೆ ಕೃಷ್ಣೆಗಳೆರಡನ್ನೂ ದಾಟಿ ಬೆಳೆದಿವೆ. ಗಂಡನ ಊರಿನ ಉಪಕೇಂದ್ರದಲ್ಲಿ ಆಕೆಯ ಹೆಸರು, ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯ ಪರಿಚಯ. ಏಳನೆಯ ತಿಂಗಳಿಗೆ ಆಕೆ ಇರುವುದು ಬೇರೆ ತಾಲ್ಲೂಕಿನಲ್ಲಿ, ಕೆಲವೊಮ್ಮೆ ಬೇರೆ ಜಿಲ್ಲೆಯಲ್ಲಿ. ಅತಿ ಎಚ್ಚರದಿಂದ ನೋಡಿಕೊಳ್ಳಬೇಕಾದ ಎರಡು ತಿಂಗಳಲ್ಲೇ ಆಕೆ ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ದಾಟುತ್ತಾಳೆ. ದಾಟುವಾಗ ಹೆಸರು ಬಿದ್ದುಹೋದರೆ ಹುಡುಕುವವರು ಯಾರು?

ಒಂದು ಸರಳ ಲೆಕ್ಕ

‘ಗಡಿಯಲ್ಲಿರುವವರು ಎಷ್ಟು ಮಂದಿ ಮಹಾ?’ ಎಂದು ಕೇಳುವವರಿದ್ದಾರೆ. ವಿದ್ಯಾರ್ಥಿಗಳೇ, ಪೆನ್ಸಿಲ್ ಹಿಡಿಯಿರಿ.

ಯಾದಗಿರಿ ಜಿಲ್ಲೆಯ ವಿಸ್ತೀರ್ಣ ಸುಮಾರು 5,200 ಚದರ ಕಿ.ಮೀ. ಎಂದು ಇಟ್ಟುಕೊಳ್ಳೋಣ. ಜಿಲ್ಲೆಯಾದಾಗ ಇದ್ದದ್ದು ಮೂರು ತಾಲ್ಲೂಕು. ತಲಾ ಸರಾಸರಿ 1,733 ಚ.ಕಿ.ಮೀ. ತಾಲ್ಲೂಕು ಚೌಕಾಕಾರ ಎಂದು ಭಾವಿಸಿದರೆ ಒಂದು ಬದಿಯ ಉದ್ದ 41.6 ಕಿ.ಮೀ. ಗಡಿಯಿಂದ ಒಳಕ್ಕೆ 5 ಕಿ.ಮೀ. ಅಗಲದ ಪಟ್ಟಿ ಬಿಟ್ಟರೆ ಉಳಿಯುವ ಒಳಚೌಕದ ಬದಿ 31.6 ಕಿ.ಮೀ. ಒಳಚೌಕ ಇಡೀ ಚೌಕದ ಶೇ. 58. ಅಂದರೆ ತಾಲ್ಲೂಕಿನ ಶೇ. 42ರಷ್ಟು ನೆಲ ಯಾವುದಾದರೊಂದು ಗಡಿಯಿಂದ 5 ಕಿ.ಮೀ. ಒಳಗಿದೆ!

ಮುಂದೆ ಗುರುಮಠಕಲ್, ವಡಗೇರಾ, ಹುಣಸಗಿ ಹೊಸ ತಾಲ್ಲೂಕುಗಳಾದವು. ಮೂರು ಇದ್ದದ್ದು ಆರಾಯಿತು. ಈಗ ಸರಾಸರಿ 867 ಚ.ಕಿ.ಮೀ., ಬದಿ 29.4 ಕಿ.ಮೀ., ಒಳಚೌಕದ ಬದಿ 19.4 ಕಿ.ಮೀ. ಗಡಿಪಟ್ಟಿಯ ಪಾಲು ಶೇ. 56ಕ್ಕೆ ಏರಿತು. ನಿಜವಾದ ತಾಲ್ಲೂಕುಗಳ ಗಡಿ ಅಂಕುಡೊಂಕು, ಆದ್ದರಿಂದ ಈ ಪಾಲು ಇನ್ನೂ ಹೆಚ್ಚೇ ಇರುತ್ತದೆ. ನೆಲದ ಪಾಲೇ ಜನರ ಪಾಲಲ್ಲ ಎಂದು ನೀವು ಆಕ್ಷೇಪಿಸಬಹುದು, ಅದು ಸರಿ. ಪೇಟೆಗಳು ನಡುವೆ ಇದ್ದರೆ ಜನರ ಪಾಲು ಇಷ್ಟಿರದು. ಆದರೆ ನಮ್ಮ ಹಳ್ಳಿಗಳು ನೀರಿನ ಬದಿಯಲ್ಲಿ ಬೆಳೆದಂಥವು, ನೀರೇ ಗಡಿಯಾದ ಕಡೆ ಅವು ಅಂಚಿನಲ್ಲೇ ಸಾಲಾಗಿ ಇವೆ.

ಹೊಸ ಜಿಲ್ಲೆ, ಹೊಸ ತಾಲ್ಲೂಕು ಬೇಡವೆಂದು ಇದರರ್ಥವಲ್ಲ. ಯಾದಗಿರಿ ಜಿಲ್ಲೆಯಾಗದಿದ್ದರೆ ಅಲ್ಲಿಗೆ ಜಿಲ್ಲಾಸ್ಪತ್ರೆ ಬರುತ್ತಿತ್ತೆ? 2022ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗುತ್ತಿತ್ತೆ? ಅದಕ್ಕೆ ಮೊದಲು ದೊಡ್ಡ ಕಾಯಿಲೆ ಎಂದರೆ 1963ರಿಂದ ವೈದ್ಯಕೀಯ ಕಾಲೇಜಿದ್ದ ಗುಲಬರ್ಗಾ, 2007ರ ನಂತರ ರಾಯಚೂರು, ಅದೂ ಆಗದಿದ್ದರೆ ಸೊಲ್ಲಾಪುರ ಅಥವಾ ಹೈದರಾಬಾದ್. ಶಹಾಪುರದಿಂದ ಗುಲಬರ್ಗಾ 75 ಕಿ.ಮೀ. ಆಸುಪಾಸು, ಯಾದಗಿರಿ ಸುಮಾರು 35. ಕೇಂದ್ರ ಹತ್ತಿರ ಬಂದದ್ದು ದೊಡ್ಡ ಲಾಭ. ಲೆಕ್ಕ ಹೇಳುವುದಿಷ್ಟೆ: ಘಟಕ ಸಣ್ಣದಾದಷ್ಟೂ ಕೇಂದ್ರ ಹತ್ತಿರವಾಗುತ್ತದೆ, ಜೊತೆಗೆ ಅಂಚಿನವರ ಪಾಲೂ ಹೆಚ್ಚುತ್ತದೆ. ಎರಡನೆಯದನ್ನು ಸರಿಪಡಿಸಲು ಇನ್ನಷ್ಟು ಸಣ್ಣ ಘಟಕ ಮಾಡಿದರೆ ಅದು ಮತ್ತೂ ಹೆಚ್ಚುತ್ತದೆ. ಗೆರೆಯನ್ನು ಎಷ್ಟು ಸಲ ಸರಿಸಿದರೂ ಮುಗಿಯದ ಕೆಲಸವಿದು. ದಾಟಲು ಅಡ್ಡಿಯಿಲ್ಲದ ಗೆರೆ ಮಾಡಬೇಕು.

ಹೊಳೆ ಎಂಬ ಗಡಿ

ಬೆಳಕು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವಾಗ ಅತಿ ಕಡಿಮೆ ಕಾಲ ಹಿಡಿಯುವ ಹಾದಿ ತುಳಿಯುತ್ತದೆ ಎಂದು ಫರ್ಮಾ 1662ರಲ್ಲಿ ಹೇಳಿದರು. ಗಾಳಿಯಿಂದ ನೀರಿಗೆ ಇಳಿಯುವಾಗ ಅದು ಬಾಗುವುದು ಇದೇ ಕಾರಣಕ್ಕೆ. ರೋಗಿಯ ಮನೆಯವರೂ ಫರ್ಮಾನ ಶಿಷ್ಯರೇ. ಅವರು ಕಿಲೋಮೀಟರು ನೋಡುವುದಿಲ್ಲ, ಹೊತ್ತು ನೋಡುತ್ತಾರೆ. ಬಸ್ಸು ಯಾವ ಕಡೆಗಿದೆ, ಹೊಳೆಯಲ್ಲಿ ನೀರೆಷ್ಟು, ರಾತ್ರಿ ಡಾಕ್ಟರು ಇರುತ್ತಾರೆಯೆ, ಇವೇ ಅವರ ವಕ್ರೀಭವನ ಸೂಚ್ಯಂಕಗಳು.

ಹೊಳೆಯ ಸೂಚ್ಯಂಕ ತಿಂಗಳಿಗೊಂದು. ಬೇಸಿಗೆಯಲ್ಲಿ ಭೀಮೆಯ ಮರಳಿನಲ್ಲಿ ನಡೆದೇ ದಾಟುತ್ತಿದ್ದ ಹಳಬರಿದ್ದಾರೆ. ಆಗಸ್ಟಿನಲ್ಲಿ ಅದೇ ನದಿ ಎದುರು ದಡವನ್ನು ಬೇರೆ ದೇಶ ಮಾಡುತ್ತಿತ್ತು. ಸನ್ನತಿಯ ಬಳಿ ಸೇತುವೆ ಸಹಿತ ಬ್ಯಾರೇಜು ಬಂದ ಮೇಲೆ ಆ ಭಾಗದ ಪರಿಸ್ಥಿತಿ ಬದಲಾಗಿದೆ. ಕೃಷ್ಣೆಯದು ಇನ್ನೂ ಬಿಗಿ. ಶಹಾಪುರ ಮತ್ತು ದೇವದುರ್ಗ ಸೀಮೆಗಳನ್ನು ಸೇರಿಸುವ ಕೊಳ್ಳೂರು-ಹೂವಿನಹೆಡಗಿ ಸೇತುವೆ, ನಾರಾಯಣಪುರ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ಮುಳುಗುವುದನ್ನು ಮಳೆಗಾಲದ ಪತ್ರಿಕೆಗಳಲ್ಲಿ ನೀವು ಓದುತ್ತಲೇ ಇರುತ್ತೀರಿ. ಎರಡು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 56 ಲಕ್ಷ ಲೀಟರ್. ಅಂಥ ದಿನ ರಾಯಚೂರು ಜಿಲ್ಲೆಗೂ ಯಾದಗಿರಿ ಜಿಲ್ಲೆಗೂ ನಡುವಿನ ಗಡಿ ಕಾಗದದ ಮೇಲಿನದಲ್ಲ.

ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ನಡುಗಡ್ಡೆ. ಒಂದು ಕಡೆ ಕಕ್ಕೇರಾ, ಇನ್ನೊಂದು ಕಡೆ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆ. 2014ರ ಜುಲೈ ಕೊನೆಯಲ್ಲಿ, ಹೊಳೆ ತುಂಬಿ ದೋಣಿ ತೆಪ್ಪಗಳು ನಿಂತಿದ್ದಾಗ, ಅಲ್ಲಿನ ಒಬ್ಬ ತುಂಬು ಗರ್ಭಿಣಿ ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆಯಲ್ಲಿ ಈಜಿ ಕಕ್ಕೇರಾದ ದಡ ಸೇರಿದಳು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಎಂಬುದು ಆಕೆಯ ನಿರ್ಧಾರ. ದೇಶವಿದೇಶಗಳ ಪತ್ರಿಕೆಗಳು ಇದನ್ನು ಸಾಹಸವೆಂದು ಬರೆದವು.

ಸೋರೆಬುರುಡೆಯ ಭೌತವಿಜ್ಞಾನ ಸರಳ. ಮನುಷ್ಯನ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ, ಹಾಗಾಗಿ ಮೈ ತಾನಾಗಿಯೇ ಹೆಚ್ಚುಕಡಿಮೆ ತೇಲುತ್ತದೆ. ಕಷ್ಟ ಇರುವುದು ತಲೆಯನ್ನು ನೀರಿನ ಮೇಲೆ ಇಡುವುದರಲ್ಲಿ. ತಲೆಯ ಗಾತ್ರ ನಾಲ್ಕೈದು ಲೀಟರ್. ಅಷ್ಟೇ ಗಾತ್ರದ, ಕೆಲವು ನೂರು ಗ್ರಾಂ ತೂಗುವ ಒಣ ಬುರುಡೆ ಪೂರ್ತಿ ಮುಳುಗಿದರೆ ನಾಲ್ಕು ಕಿಲೋಗೂ ಮಿಕ್ಕಿದ ಭಾರವನ್ನು ಎತ್ತಿ ಹಿಡಿಯುತ್ತದೆ. ಆರ್ಕಿಮಿಡೀಸನ ಹೆಸರು ಕೇಳದ ಊರಿನ ಜನ ತಲೆಮಾರುಗಳಿಂದ ಬಲ್ಲ ಲೆಕ್ಕವಿದು. ಆದರೆ ಬುರುಡೆ ತೇಲಿಸೀತೇ ಹೊರತು ಸೆಳವನ್ನು ತಡೆಯದು. ಹರಿವಿನ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತದೆ. ಸಾಹಸ ಎಂಬ ಮಾತು ಓದಿದಾಗ ನನಗೆ ಹೆಮ್ಮೆಯಾಗಲಿಲ್ಲ, ಹೊಟ್ಟೆ ತಳಮಳಿಸಿತು. ತಲೆ ಎಣಿಸುವ ಮಾನದಂಡದ ಪ್ರಕಾರ ಆ ನಡುಗಡ್ಡೆ ಕಕ್ಕೇರಾಕ್ಕೆ ತೀರ ಹತ್ತಿರದ ಊರು.

ಗೆರೆಯ ಎರಡು ಬದಿ

ಗಡಿಗೆರೆ ರೋಗಿಯ ಬದುಕಿನ ಮೇಲೆ ಎಷ್ಟು ಪರಿಣಾಮ ಮಾಡುತ್ತದೆ ಎಂದು ಅಳೆಯಲು ಸಾಧ್ಯವೆ? ಪ್ರಯೋಗಾಲಯದಲ್ಲಾದರೆ ನಾವು ಒಂದನ್ನು ಮಾತ್ರ ಬದಲಿಸಿ ಉಳಿದುದನ್ನೆಲ್ಲ ಹಾಗೇ ಇಡುತ್ತೇವೆ. ಜನಜೀವನದಲ್ಲಿ ಅದು ದುರ್ಲಭ. ಆದರೆ ಕರ್ನಾಟಕದಲ್ಲಿ ಒಮ್ಮೆ ತಾನಾಗಿಯೇ ಅಂಥ ಪ್ರಯೋಗ ನಡೆಯಿತು.

2010ರ ಫೆಬ್ರವರಿಯಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಸುಟ್ಟ ಗಾಯ ಮುಂತಾದ ದೊಡ್ಡ ಚಿಕಿತ್ಸೆಗಳು ಉಚಿತ. ಮೊದಲು ಶುರುವಾದದ್ದು ಗುಲಬರ್ಗಾ ವಿಭಾಗದಲ್ಲಿ, ಅಂದರೆ ಶಿರವಾಳವೂ ಇರುವ ಸೀಮೆಯಲ್ಲಿ. ಆಮೇಲೆ ಬೆಳಗಾವಿ ವಿಭಾಗ. ದಕ್ಷಿಣದ ಜಿಲ್ಲೆಗಳಿಗೆ ಅದು ಮುಟ್ಟುವ ಹೊತ್ತಿಗೆ 2012 ಬಂದಿತ್ತು. ಈ ನಡುವೆ ರಾಜ್ಯದ ಮಧ್ಯದಲ್ಲಿ ಒಂದು ಗೆರೆ ಇತ್ತು. ಈಚೆಯ ಹಳ್ಳಿಗೆ ಯೋಜನೆ ಉಂಟು, ಆಚೆಯ ಹಳ್ಳಿಗೆ ಇಲ್ಲ. ಮಣ್ಣು, ಮಾತು, ಬಡತನ ಎಲ್ಲ ಒಂದೇ.

ಸಂಶೋಧಕರು ಗೆರೆಯ ಎರಡೂ ಬದಿಯ ಒಟ್ಟು 572 ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವಿನ ಪ್ರಮಾಣ, ಯೋಜನೆ ಇದ್ದ ಬದಿಯ ಬಡ ಕುಟುಂಬಗಳಲ್ಲಿ ಶೇ. 0.32. ಇಲ್ಲದ ಬದಿಯಲ್ಲಿ ಶೇ. 0.90. ಸುಮಾರು ಮೂರು ಪಟ್ಟು! ಇಂಥ ಅಧ್ಯಯನಗಳ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು, ಗೆರೆಯೊಂದೇ ಕಾರಣವೆಂದು ನೂರಕ್ಕೆ ನೂರು ಹೇಳಲಾಗದು. ಆದರೂ ಹಂತಹಂತವಾಗಿ ಜಾರಿ ಎಂದು ಕಡತದಲ್ಲಿ ಬರೆಯುವ ಎರಡು ಪದಗಳ ತೂಕ ಎಷ್ಟೆಂದು ಇದು ಅಳೆದು ತೋರಿಸಿತು. ಆ ಒಂದು ಸಲ ಶಹಾಪುರ, ಸುರಪುರದವರು ಗೆರೆಯ ಒಳ್ಳೆಯ ಬದಿಯಲ್ಲಿದ್ದರು.

ಭೌತವಿಜ್ಞಾನದಲ್ಲಿ ಯಾವುದೇ ಸೂತ್ರವನ್ನು ಅದರ ಕೊನೆಯ ಮಿತಿಯವರೆಗೆ ಒಯ್ದು ಪರೀಕ್ಷಿಸುವ ರೂಢಿಯಿದೆ. ಗೆರೆ ಪೂರ್ತಿ ಗೋಡೆಯೇ ಆದರೆ ಏನಾದೀತು? ಇದಕ್ಕೆ ಉತ್ತರ ನಾಡಿನ ಇನ್ನೊಂದು ತುದಿಯಲ್ಲಿ, ಕಾಸರಗೋಡಿನ ಕನ್ನಡ ನೆಲದಲ್ಲಿ ಸಿಕ್ಕಿತು. 1956ರವರೆಗೆ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಮಂಗಳೂರೇ ಜಿಲ್ಲಾ ಕೇಂದ್ರ. ವೆನ್‌ಲಾಕ್ ಆಸ್ಪತ್ರೆ 1848ರಿಂದ ಅಲ್ಲಿದೆ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಯಾಗಲಿಲ್ಲ. ಆದರೆ ಮಂಜೇಶ್ವರದ ರೋಗಿ ಎಂದೂ ದಾರಿ ಬದಲಿಸಲಿಲ್ಲ. ತಲಪಾಡಿಯ ಗಡಿಯಿಂದ ಮಂಗಳೂರು 20 ಕಿ.ಮೀ. ಒಳಗೆ. ತಮ್ಮದೇ ರಾಜ್ಯದ ದೊಡ್ಡ ಆಸ್ಪತ್ರೆಗಳು ಅವರಿಗೆ ಅದರ ಎಷ್ಟೋ ಪಟ್ಟು ದೂರ.

2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಲಾಕ್‌ಡೌನಿನ ಮೊದಲ ವಾರ, ಕರ್ನಾಟಕ ಈ ಗಡಿಯ ರಸ್ತೆಗಳನ್ನು ಮುಚ್ಚಿತು. ಹಲವು ಕಡೆ ರಸ್ತೆಯ ಮೇಲೆ ಮಣ್ಣಿನ ರಾಶಿ ಬಿತ್ತು. ಸೋಂಕಿನ ಭಯ ನಿಜವಾದದ್ದೇ, ಆಗ ಕಾಸರಗೋಡಿನಲ್ಲಿ ಪ್ರಕರಣಗಳು ಹೆಚ್ಚಿದ್ದವು. ಆದರೆ ಹೃದ್ರೋಗಿಗಳು, ಡಯಾಲಿಸಿಸ್‌ನವರು, ಬಸುರಿಯರು ಮಂಗಳೂರು ಮುಟ್ಟಲಾಗದೆ ತಲಪಾಡಿಯಿಂದ ಹಿಂದಿರುಗಿದರು, ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆ ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ತಪಾಸಣೆ ಮಾಡಿ ಕೋವಿಡ್ ಇಲ್ಲದ ರೋಗಿಗಳನ್ನು ತಲಪಾಡಿಯಲ್ಲಿ ಬಿಡುವ ಒಪ್ಪಂದವಾಗಿದೆ ಎಂದು ಏಪ್ರಿಲ್ 7ರಂದು ಅಲ್ಲಿ ತಿಳಿಸಲಾಯಿತು. 64 ವರ್ಷ ಬರಿಯ ಗೆರೆಯಾಗಿದ್ದದ್ದು ಹತ್ತು ದಿನ ಗೋಡೆಯಾಗಿತ್ತು.

ನೀವೂ ಎಳೆದು ನೋಡಿ

ಇಷ್ಟು ಹೇಳಿದ ಮೇಲೆ, ಅಂಚಿನವರಿಗಾಗಿ ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆ ರಾಜ್ಯಕ್ಕೆಲ್ಲ ಒಂದೇ ಸಂಖ್ಯೆ ಕೊಟ್ಟಿತು, ಕರೆದವನ ತಾಲ್ಲೂಕು ಯಾವುದೆಂದು ಹುಡುಕುತ್ತ ಕೂರಬೇಕಿಲ್ಲ. ಗರ್ಭಿಣಿಯ ದಾಖಲೆ ಈಗ ಕಂಪ್ಯೂಟರಿನಲ್ಲಿದೆ, ಆಕೆ ತವರಿಗೆ ಹೋದಾಗ ಸಂಖ್ಯೆಯೂ ಜೊತೆಗೆ ಹೋಗಬಹುದು. ಗುಡ್ಡಗಾಡು, ಮರುಭೂಮಿಗಳಲ್ಲಿ ಉಪಕೇಂದ್ರ ಎಲ್ಲಿ ಬೇಕೆಂದು ತೀರ್ಮಾನಿಸಲು ತಲೆಯ ಬದಲು ನಡಿಗೆಯ ಸಮಯ ಲೆಕ್ಕ ಹಾಕುವ ಮಾತೂ ಬಂದಿದೆ. ಹೊಳೆದಂಡೆಗೂ ಆ ಲೆಕ್ಕ ಯಾಕೆ ಬೇಡ ಎಂಬುದು ನನ್ನ ಪ್ರಶ್ನೆ.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಮಾಡಿಸಬಹುದು. ನಿಮ್ಮ ತಾಲ್ಲೂಕಿನ ಮತ್ತು ಸುತ್ತಲಿನ ತಾಲ್ಲೂಕುಗಳ ನಕ್ಷೆ ತೆಗೆದುಕೊಳ್ಳಿ. ಗಡಿ ತೋರಿಸದ ಪಾರದರ್ಶಕ ಹಾಳೆಯನ್ನು ಅದರ ಮೇಲಿಟ್ಟು ರಸ್ತೆ, ಹೊಳೆ, ಸೇತುವೆ, ಆಸ್ಪತ್ರೆಗಳನ್ನು ಮಾತ್ರ ಗುರುತಿಸಿ. ಪ್ರತಿ ಹಳ್ಳಿಯಿಂದ ಎರಡು ಹತ್ತಿರದ ಆಸ್ಪತ್ರೆಗಳಿಗೆ ಎಷ್ಟು ನಿಮಿಷ ಎಂದು ಆ ಹಳ್ಳಿಯಿಂದ ಬರುವ ಮಕ್ಕಳನ್ನೇ ಕೇಳಿ ಬರೆಯಿರಿ. ಬಸ್ಸಿಗಾಗಿ ಕಾಯುವ ಹೊತ್ತನ್ನು ಸೇರಿಸಲು ಮರೆಯಬೇಡಿ, ಎಷ್ಟೋ ಕಡೆ ಅದೇ ಪ್ರಯಾಣಕ್ಕಿಂತ ಹೆಚ್ಚು. ನಿಮಿಷಗಳು ಸಮವಾಗುವ ಜಾಗಗಳನ್ನು ಸೇರಿಸಿದರೆ ಜಾನ್ ಸ್ನೋ ಎಳೆದಂಥ ಗೆರೆ ನಿಮಗೂ ಸಿಗುತ್ತದೆ. ಈಗ ಹಾಳೆಯನ್ನು ನಕ್ಷೆಯ ಮೇಲೆ ಸರಿಯಾಗಿ ಕೂರಿಸಿ, ಎರಡು ಗೆರೆಗಳ ನಡುವೆ ಸಿಕ್ಕಿಕೊಂಡ ಹಳ್ಳಿಗಳಿಗೆ ಬಣ್ಣ ಹಚ್ಚಿ. ಶಹಾಪುರದ ಕಡೆಯ ಶಾಲೆಗಳು ಈ ಹಾಳೆಯನ್ನು ಎರಡು ಸಲ ಮಾಡಬೇಕು, ಏಪ್ರಿಲ್‌ಗೆ ಒಂದು, ಆಗಸ್ಟಿಗೆ ಇನ್ನೊಂದು.